ಎಸಿ ಹಾಕಿದರೆ ಎಂಸಿಬಿ ಬೀಳುತ್ತದೆ, ಪ್ಲಗ್ ಬಿಸಿಯಾಗುತ್ತದೆ: ದೊಡ್ಡ ಎಂಸಿಬಿ ಹಾಕಿಸಲೇ?

ಪ್ರಶ್ನೆ: ಸರ್, ನಮ್ಮ ಮನೆ ಕಟ್ಟಿ 20 ವರ್ಷ ದಾಟಿದೆ. ಮಲಗುವ ಕೋಣೆಗೆ ಒಂದೂವರೆ ಟನ್ನಿನ ವಿಂಡೋ ಎಸಿ ಹಾಕಿಸಿದ್ದೇವೆ. ಅಲ್ಲಿ ಮೊದಲೇ ಇದ್ದ 16 ಆಂಪಿಯರ್ ಸಾಕೆಟ್‌ಗೇ ಕೊಟ್ಟಿದ್ದೇವೆ. ಕಂಪ್ರೆಸರ್ ಶುರುವಾಗುವಾಗ ಲೈಟು ಒಂದು ಕ್ಷಣ ಮಂಕಾಗುತ್ತದೆ. 20–25 ನಿಮಿಷ ಓಡಿದ ಮೇಲೆ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ. ಪ್ಲಗ್ ಮುಟ್ಟಿದರೆ ಬಿಸಿ. ಒಬ್ಬ ಎಲೆಕ್ಟ್ರಿಷಿಯನ್ "16ರ ಎಂಸಿಬಿ ತೆಗೆದು 32 ಹಾಕೋಣ" ಎಂದರು. ಇನ್ನೊಬ್ಬರು "ವೋಲ್ಟೇಜ್ ಕಡಿಮೆ, ಸ್ಟೆಬಿಲೈಸರ್ ತನ್ನಿ" ಎಂದರು. ಎಸಿ ಆಫ್ ಮಾಡಿ ಮಲ್ಟಿಮೀಟರ್‌ನಲ್ಲಿ ನೋಡಿದರೆ ಸಾಕೆಟ್‌ನಲ್ಲಿ 225 ವೋಲ್ಟ್ ಇದೆ. ಟೆಸ್ಟರ್ ಕೂಡ ಚೆನ್ನಾಗಿ ಉರಿಯುತ್ತದೆ. ಯಾರ ಮಾತು ಕೇಳಲಿ?

ಉತ್ತರ: ಪ್ಲಗ್ ಬಿಸಿಯಾಗುತ್ತದೆ ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಆ ಸಾಲು. ಕಾರಣ ಸಿಗುವವರೆಗೆ ರಾತ್ರಿ ಎಸಿ ಹಾಕಿಕೊಂಡು ಮಲಗಬೇಡಿ. ಸೆಕೆ ಎಷ್ಟೇ ಇರಲಿ, ಎರಡು ಮೂರು ದಿನ ಫ್ಯಾನಿನಲ್ಲೇ ಕಳೆಯಿರಿ. ಹಗಲಲ್ಲಿ, ಪಕ್ಕದಲ್ಲಿ ಯಾರಾದರೂ ಎಚ್ಚರವಿರುವಾಗ, ಪರೀಕ್ಷೆಗೆ ಬೇಕಾದಷ್ಟು ಹೊತ್ತು ಮಾತ್ರ ಓಡಿಸಿ.

ಇನ್ನು ನಿಮ್ಮ ಪ್ರಶ್ನೆ. ಇಬ್ಬರ ಮಾತನ್ನೂ ಈಗಲೇ ಕೇಳಬೇಡಿ. 32ರ ಎಂಸಿಬಿಯಂತೂ ಯಾವ ಕಾರಣಕ್ಕೂ ಬೇಡ. ಸ್ಟೆಬಿಲೈಸರ್ ಮುಂದೆ ಬೇಕಾಗಬಹುದು, ಬೇಡವೂ ಆಗಬಹುದು. ಅದನ್ನು ತೀರ್ಮಾನಿಸಲು ನೀವು ನೋಡಿದ 225 ಸಾಲದು. ನಲ್ಲಿ ಮುಚ್ಚಿರುವಾಗ ಪೈಪಿನ ತುಂಬ ನೀರು ಇದ್ದೇ ಇರುತ್ತದೆ. ಪೈಪು ಎಲ್ಲೋ ಕಟ್ಟಿಕೊಂಡಿದೆ ಎಂದು ಗೊತ್ತಾಗುವುದು ನಲ್ಲಿ ತಿರುಗಿಸಿದ ಮೇಲೆ. ವೈರಿಂಗ್‌ನ ಕಥೆಯೂ ಹಾಗೇ. ಎಸಿ ಆಫ್ ಇದ್ದಾಗ ಕರೆಂಟ್ ಹರಿಯುತ್ತಿಲ್ಲ. ಹರಿಯದಿದ್ದರೆ ಎಷ್ಟೇ ಕೆಟ್ಟ ಜಾಯಿಂಟ್ ಇದ್ದರೂ ಅಲ್ಲಿ ಒಂದು ವೋಲ್ಟೂ ಕಳೆದುಹೋಗುವುದಿಲ್ಲ, ಮೀಟರ್ ಪೂರ್ತಿ 225 ತೋರಿಸುತ್ತದೆ. ಅಳೆಯಬೇಕಾದದ್ದು ಎಸಿ ಓಡುತ್ತಿರುವಾಗ. ಅದೂ ಎರಡು ಕಡೆ.

ಮೊದಲು ಎಂಸಿಬಿ ವಿಷಯ ಮುಗಿಸೋಣ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಪಾಡಲು. ಗೋಡೆಯೊಳಗೆ ಪೈಪಿನಲ್ಲಿ ಹೋಗುವ ತಾಮ್ರದ ವೈರ್ 1.5 ಸ್ಕ್ವೇರ್ ಎಂಎಂ ಇದ್ದರೆ ಸುಮಾರು 15ರಿಂದ 17 ಆಂಪಿಯರ್ ತಡೆದುಕೊಳ್ಳುತ್ತದೆ. 2.5 ಇದ್ದರೆ 20ರಿಂದ 24, 4 ಇದ್ದರೆ 26ರಿಂದ 32. ಈ ಲೆಕ್ಕವೂ ಸುತ್ತಲಿನ ಬಿಸಿ 30 ಡಿಗ್ರಿ ಇದ್ದು, ಪೈಪಿನಲ್ಲಿ ಅದೊಂದೇ ಲೈನು ಇದ್ದಾಗಿನದು. ಒಂದೇ ಪೈಪಿಗೆ ಮೂರ್ನಾಲ್ಕು ಲೈನು ತುರುಕಿದ್ದರೆ, ಬಿಸಿಲಿಗೆ ಕಾಯುವ ಗೋಡೆಯಾದರೆ, ಇನ್ನೂ ಕಡಿಮೆ. ಹಳೆಯ ಮನೆಗಳ 16 ಆಂಪಿಯರ್ ಸಾಕೆಟ್‌ಗೆ 2.5 ವೈರ್ ಎಳೆದಿದ್ದರೆ ಪುಣ್ಯ. 1.5 ಎಳೆದ ಮನೆಗಳನ್ನೂ ನಾನು ನೋಡಿದ್ದೇನೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. 32 ಎಂದು ಬರೆದಿರುವ ಎಂಸಿಬಿ 32 ದಾಟಿದ ಕೂಡಲೇ ಬೀಳುವುದಿಲ್ಲ. ಬರೆದಿರುವ ಅಂಕಿಯ 1.13 ಪಟ್ಟು ಹರಿದರೂ ಅದು ಒಂದು ಗಂಟೆ ಬೀಳಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು ಎಂಬ ಲೆಕ್ಕದಲ್ಲಿ ಅದನ್ನು ಮಾಡಿರುತ್ತಾರೆ. ಅಂದರೆ 36 ಆಂಪಿಯರ್ ಹರಿಯುತ್ತಿದ್ದರೂ 32ರ ಎಂಸಿಬಿ ಒಂದು ಗಂಟೆ ಸುಮ್ನೆ ಕೂತಿರುತ್ತದೆ. ಅಷ್ಟು ಹೊತ್ತಿಗೆ ಗೋಡೆಯೊಳಗಿನ 1.5 ವೈರಿನ ಪ್ಲಾಸ್ಟಿಕ್ ಮೆತ್ತಗಾಗಿರುತ್ತದೆ. ನಿಮ್ಮ ಮನೆಯಲ್ಲಿ ಎಂಸಿಬಿ ಬೀಳುತ್ತಿರುವುದು ಎಚ್ಚರಿಕೆ. ಅದರ ಬಾಯಿ ಮುಚ್ಚಿಸಬೇಡಿ.

ಹಾಗಿದ್ದರೆ ಅದು ಬೀಳುತ್ತಿರುವುದು ಯಾಕೆ? ಒಂದೂವರೆ ಟನ್ನಿನ ವಿಂಡೋ ಎಸಿ ಓಡುವಾಗ ಸುಮಾರು 7ರಿಂದ 9 ಆಂಪಿಯರ್ ಎಳೆಯುತ್ತದೆ. ನಿಮ್ಮದು ಎಷ್ಟೆಂದು ಎಸಿಯ ಮೈಮೇಲೆ ಅಂಟಿಸಿದ ಪಟ್ಟಿಯಲ್ಲಿ ಬರೆದಿರುತ್ತದೆ, ನೋಡಿ. 16ರ ಎಂಸಿಬಿಗೆ 9 ಆಂಪಿಯರ್ ಹೊರೆಯೇ ಅಲ್ಲ. ಆದರೂ ಬೀಳುತ್ತಿದೆ. ಇಲ್ಲಿಂದ ಹುಡುಕಾಟ ಶುರು ಮಾಡಬೇಕು.

ಅದು ಬೀಳುವ ಕ್ಷಣವನ್ನು ಸರಿಯಾಗಿ ಗಮನಿಸಿ. "20–25 ನಿಮಿಷ" ಎಂದಿದ್ದೀರಿ. ಆ ಹೊತ್ತಿಗೆ ಕೋಣೆ ತಣ್ಣಗಾಗಿ ಕಂಪ್ರೆಸರ್ ಒಮ್ಮೆ ನಿಂತು, ಮತ್ತೆ ಶುರುವಾಗುವ ಸಮಯವೂ ಆಗಿರಬಹುದು. ಹಾಗಾಗಿ ಪಕ್ಕದಲ್ಲೇ ಕೂತು ಕಿವಿಗೊಡಿ. ಕಂಪ್ರೆಸರ್ ಗುಂಯ್ ಎಂದು ಶುರುವಾಗಲು ಒದ್ದಾಡಿ, ಆಗ ಎಂಸಿಬಿ ಬಿತ್ತೇ? ಅಥವಾ ಹದವಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ಬಿತ್ತೇ? ಎರಡಕ್ಕೂ ಕಾರಣ ಬೇರೆ ಬೇರೆ.

ಶುರುವಾಗುವ ಹೊತ್ತಿನಲ್ಲಿ ಬಿದ್ದರೆ ಹೀಗೆ ಯೋಚಿಸಿ. ಇನ್ವರ್ಟರ್ ಎಸಿಯಲ್ಲದ ಮಾಮೂಲಿ ಎಸಿಯ ಕಂಪ್ರೆಸರ್ ತಿರುಗಲು ಹೊರಟಾಗ ಓಡುವ ಕರೆಂಟಿನ ನಾಲ್ಕರಿಂದ ಆರು ಪಟ್ಟು ಎಳೆಯುತ್ತದೆ. ನಿಮ್ಮದಕ್ಕೆ 40 ಆಂಪಿಯರ್ ಅಂದುಕೊಳ್ಳಿ. ಎಲ್ಲ ಸರಿಯಿದ್ದರೆ ಇದು ಒಂದು ಸೆಕೆಂಡೂ ಇರುವುದಿಲ್ಲ, ಎಂಸಿಬಿ ಅದನ್ನು ಸಹಿಸಿಕೊಳ್ಳುತ್ತದೆ. ಎಂಸಿಬಿ ಮೇಲೆ ಸಿ16 ಅಥವಾ ಬಿ16 ಎಂದು ಇರುತ್ತದೆ. ಬಿ ಇದ್ದರೆ ಬರೆದ ಅಂಕಿಯ 3ರಿಂದ 5 ಪಟ್ಟಿಗೆ ತಟ್ಟನೆ ಬೀಳುತ್ತದೆ, ಅಂದರೆ 48ರಿಂದ 80 ಆಂಪಿಯರ್ ಒಳಗೆ. ಸಿ ಇದ್ದರೆ 5ರಿಂದ 10 ಪಟ್ಟಿಗೆ, ಅಂದರೆ 80ರಿಂದ 160ರ ಒಳಗೆ. ಮೋಟಾರು ಇರುವ ಲೈನಿಗೆ ಸಿ ಬೇಕು. ನಿಮ್ಮದು ಬಿ ಆಗಿದ್ದು, ಶುರುವಾಗುವಾಗ ಟಪ್ ಎಂದು ಬೀಳುತ್ತಿದ್ದರೆ, ಅದೇ 16ರ ಸಿ ಹಾಕಿಸಿದರೆ ಸಾಕಾಗಬಹುದು. ಅಂಕಿ ಬದಲಾಗಬಾರದು, ಅಕ್ಷರ ಮಾತ್ರ ಬದಲಾಗಬೇಕು.

ಆದರೆ ಕಂಪ್ರೆಸರ್ ಎರಡು ಮೂರು ಸೆಕೆಂಡು ಗುಂಯ್‌ಗುಟ್ಟಿ, ತಿರುಗದೆ, ಆಮೇಲೆ ಬಿದ್ದರೆ ವಿಷಯ ಬೇರೆ. ತಿರುಗದೆ ನಿಂತ ಮೋಟಾರು ಆ 30–40 ಆಂಪಿಯರನ್ನು ಎಳೆಯುತ್ತಲೇ ಇರುತ್ತದೆ. ಆಗ ಒಳಗಿನ ಪಟ್ಟಿ ಕಾದು ಬಾಗಿ ಎಂಸಿಬಿ ಬೀಳುವುದು ಸರಿಯೇ. ಮೋಟಾರು ಯಾಕೆ ತಿರುಗಲಿಲ್ಲ? ಒಂದೋ ಎಸಿಯೊಳಗೆ ಏನೋ ಕೆಟ್ಟಿದೆ, ಇಲ್ಲವೇ ಅದಕ್ಕೆ ಸಾಕಷ್ಟು ವೋಲ್ಟೇಜ್ ತಲುಪುತ್ತಿಲ್ಲ.

ಹದವಾಗಿ ಓಡುತ್ತಿರುವಾಗ ಬಿದ್ದರೆ ಕ್ಲ್ಯಾಂಪ್ ಮೀಟರ್ ಬೇಕು, ಅಂದರೆ ವೈರನ್ನು ಬಾಯಲ್ಲಿ ಹಿಡಿದು ಕರೆಂಟ್ ಅಳೆಯುವ ಮೀಟರ್. ಎಲೆಕ್ಟ್ರಿಷಿಯನ್ ಹತ್ತಿರ ಇರುತ್ತದೆ. ಎಂಸಿಬಿಯಿಂದ ಹೊರಡುವ ಫೇಸ್ ವೈರೊಂದನ್ನೇ (ಕರೆಂಟ್ ತರುವ ವೈರ್) ಅದರ ಬಾಯೊಳಗೆ ಹಾಕಿ ನೋಡಬೇಕು. ಫೇಸ್, ನ್ಯೂಟ್ರಲ್ (ಕರೆಂಟ್ ಮರಳುವ ವೈರ್) ಎರಡನ್ನೂ ಒಟ್ಟಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. 8–9 ಆಂಪಿಯರ್ ಇದ್ದೂ ಬೀಳುತ್ತಿದ್ದರೆ ಎಂಸಿಬಿಯ ಸ್ಕ್ರೂ ಸಡಿಲವಾಗಿ, ಆ ಬಿಸಿಗೇ ಅದು ಬೀಳುತ್ತಿದೆ ಎಂದು ಬಹುತೇಕ ಹೇಳಬಹುದು. ಎಂಸಿಬಿಗೆ ಒಳಗಿನ ಕರೆಂಟಿನ ಬಿಸಿ, ಹೊರಗಿನ ಸ್ಕ್ರೂನ ಬಿಸಿ ಎಂಬ ಭೇದ ತಿಳಿಯುವುದಿಲ್ಲ. ವೈರ್ ಹೊಕ್ಕುವ ಜಾಗದಲ್ಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅನುಮಾನವೇ ಬೇಡ. ಅದೇ ಅಳತೆಯ ಹೊಸದನ್ನು ಹಾಕಿಸಿ, ಸುಟ್ಟ ವೈರಿನ ತುದಿ ಕತ್ತರಿಸಿ ಹೊಸ ತಾಮ್ರ ಕಾಣುವಂತೆ ಸುಲಿಸಿ.

14–15 ಆಂಪಿಯರ್ ಅಥವಾ ಜಾಸ್ತಿ ತೋರಿಸಿದರೆ, ಅದೇ ಲೈನಿನಲ್ಲಿ ಬೇರೇನೋ ಇರಬಹುದು. ಹಳೆಯ ಮನೆಗಳಲ್ಲಿ ಮಲಗುವ ಕೋಣೆಯ ಸಾಕೆಟ್ಟೂ ಪಕ್ಕದ ಬಚ್ಚಲುಮನೆಯ ಗೀಸರ್ರೂ ಒಂದೇ ಎಂಸಿಬಿಗೆ ಸೇರಿರುವುದು ಸಾಮಾನ್ಯ. ಪರೀಕ್ಷೆ ಸುಲಭ. ಆ ಎಂಸಿಬಿ ಇಳಿಸಿ, ಮನೆಯಲ್ಲಿ ಏನೇನು ನಿಂತಿತು ಎಂದು ಒಂದು ಸುತ್ತು ನೋಡಿ ಬರೆದುಕೊಳ್ಳಿ. ಬೇರೇನೂ ಇಲ್ಲದೆ ಎಸಿಯೊಂದೇ ಅಷ್ಟು ಎಳೆಯುತ್ತಿದ್ದರೆ ಅದರ ಹಿಂಭಾಗದ ಕಾಯಿಲ್ ಧೂಳಿನಿಂದ ಮುಚ್ಚಿದೆಯೇ, ಅದರ ಫ್ಯಾನ್ ಸರಿಯಾಗಿ ತಿರುಗುತ್ತಿದೆಯೇ ನೋಡಿಸಿ. ಬಿಸಿ ಹೊರಹೋಗದಿದ್ದರೆ ಕಂಪ್ರೆಸರ್ ಹೆಣಗಾಡುತ್ತದೆ, ಕರೆಂಟ್ ಏರುತ್ತದೆ.

ಈಗ ಮುಖ್ಯ ಅಳತೆ. ಎಸಿ ಓಡುತ್ತಿರುವಾಗ, ಮೊದಲು ಎಂಸಿಬಿಗಳಿರುವ ಮುಖ್ಯ ಬೋರ್ಡಿನಲ್ಲಿ ಫೇಸ್–ನ್ಯೂಟ್ರಲ್ ನಡುವೆ ವೋಲ್ಟ್ ನೋಡಬೇಕು. ಆಮೇಲೆ ಎಸಿಯ ಸಾಕೆಟ್‌ನಲ್ಲಿ. ಎರಡರ ವ್ಯತ್ಯಾಸವೇ ನಿಮ್ಮ ಗೋಡೆ ನುಂಗಿದ ವೋಲ್ಟೇಜ್.

ಮುಖ್ಯ ಬೋರ್ಡಿನ ಮುಚ್ಚಳ ತೆಗೆದು ಅಳೆಯುವ ಕೆಲಸ ನೀವು ಮಾಡಬೇಡಿ. ಅಲ್ಲಿ ಕರೆಂಟ್ ಇರುವ ಲೋಹ ಬೆರಳಿಗೆ ಸಿಗುವಷ್ಟು ಹತ್ತಿರ ಇರುತ್ತದೆ. ಎಲೆಕ್ಟ್ರಿಷಿಯನ್ ಮಾಡಲಿ, ನೀವು ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳಿ. ಸಾಕೆಟ್‌ನಲ್ಲಿ ಎಸಿಯ ಪ್ಲಗ್ಗೇ ಕೂತಿರುತ್ತದಲ್ಲ, ಅಲ್ಲಿ ಹೇಗೆ ಅಳೆಯುವುದು? ಅದೇ ಬೋರ್ಡಿನಲ್ಲಿ ಅದೇ ಲೈನಿಗೆ ಸೇರಿದ ಇನ್ನೊಂದು ಸಾಕೆಟ್ ಇದ್ದರೆ ಅದರಲ್ಲಿ ನೋಡಬಹುದು. ಅದೇ ಲೈನೇ ಎಂದು ಖಚಿತ ಮಾಡಿಕೊಳ್ಳಿ, ಪಕ್ಕದ ಸಣ್ಣ ಸಾಕೆಟ್ ಲೈಟಿನ ಲೈನಿನಿಂದ ಬಂದಿರುವುದೂ ಉಂಟು. ಇಲ್ಲದಿದ್ದರೆ ಪ್ಲೇಟ್ ಬಿಚ್ಚಿ ಹಿಂದಿನ ಸ್ಕ್ರೂಗಳಲ್ಲಿ ಅಳೆಯಬೇಕು. ಅದೂ ಎಲೆಕ್ಟ್ರಿಷಿಯನ್ ಕೆಲಸವೇ.

ಒಂದು ಉದಾಹರಣೆ ಕೊಡುತ್ತೇನೆ. ಎಸಿ ಓಡುವಾಗ ಮುಖ್ಯ ಬೋರ್ಡಿನಲ್ಲಿ 221, ಸಾಕೆಟ್‌ನಲ್ಲಿ 209 ಬಂತು ಅಂದುಕೊಳ್ಳಿ. 12 ವೋಲ್ಟ್ ದಾರಿಯಲ್ಲಿ ಹೋಯಿತು. ಇದರಲ್ಲಿ ವೈರಿನ ಪಾಲೆಷ್ಟು? 1.5 ವೈರಿಗೆ ಒಂದು ಕಿಲೋಮೀಟರಿಗೆ ಸುಮಾರು 12 ಓಮ್ ತಡೆ ಇರುತ್ತದೆ. ಬೋರ್ಡಿನಿಂದ ಸಾಕೆಟ್ 20 ಮೀಟರ್ ದೂರ ಇದ್ದರೆ, ಹೋಗಲು 20, ಬರಲು 20, ಒಟ್ಟು 40 ಮೀಟರ್. ತಡೆ 0.48 ಓಮ್. 8 ಆಂಪಿಯರಿಗೆ 4 ವೋಲ್ಟ್ ಹೋಗಬೇಕು. 2.5 ವೈರಾದರೆ ಎರಡೂವರೆ ವೋಲ್ಟಿಗಿಂತಲೂ ಕಡಿಮೆ. ಹಾಗಾದರೆ ಉಳಿದ 8 ವೋಲ್ಟ್ ಎಲ್ಲಿ ಹೋಯಿತು? ಜಾಯಿಂಟುಗಳಲ್ಲಿ. 8 ವೋಲ್ಟ್, 8 ಆಂಪಿಯರ್, ಗುಣಿಸಿದರೆ 64 ವ್ಯಾಟ್. ಸಣ್ಣ ಸಾಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥ ಎರಡೂವರೆ ಸಾಲ್ಡರಿಂಗ್ ಐರನ್ ಗೋಡೆಯೊಳಗೆ, ನಿಮ್ಮ ಕಣ್ಣಿಗೆ ಕಾಣದ ಜಾಗದಲ್ಲಿ, ಎಸಿ ಓಡುವಷ್ಟು ಹೊತ್ತೂ ಕಾಯುತ್ತಿರುತ್ತವೆ. ವೈರಿನಲ್ಲಿ ಹೋಗುವ ವೋಲ್ಟೇಜಿನ ಬಿಸಿ 40 ಮೀಟರ್ ಉದ್ದಕ್ಕೂ ಹರಡಿಹೋಗುತ್ತದೆ. ಜಾಯಿಂಟಿನ ಬಿಸಿ ಒಂದು ಉಗುರಿನಷ್ಟು ಜಾಗದಲ್ಲೇ ಉಳಿಯುತ್ತದೆ. ವೈರಿಂಗ್‌ನಿಂದ ಬೆಂಕಿ ಹತ್ತುವ ದಾರಿಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದಕ್ಕೆ. ಓವರ್‌ಲೋಡ್ ಆದರೆ ಎಂಸಿಬಿ ಬೀಳುತ್ತದೆ. 8 ಆಂಪಿಯರಿನ ಸಡಿಲ ಜಾಯಿಂಟು ಎಂಸಿಬಿಯಿಂದ ದೂರದಲ್ಲಿದ್ದರೆ ಅದು ಎಂದಿಗೂ ಬೀಳುವುದಿಲ್ಲ.

ಇದೇ ಲೆಕ್ಕವನ್ನು ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ ಹಾಕಿ ನೋಡಿ. 8 ಆಂಪಿಯರಿಗೆ 12 ವೋಲ್ಟ್ ಅಂದರೆ ಒಂದೂವರೆ ಓಮ್. ಮೂವತ್ತೈದು–ನಲವತ್ತು ಆಂಪಿಯರ್ ಎಳೆಯಲು ಹೊರಟಾಗ ಸಾಕೆಟ್‌ನಲ್ಲಿ ವೋಲ್ಟೇಜ್ 170ಕ್ಕೂ ಕೆಳಗೆ ಬೀಳುತ್ತದೆ. ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರಲ್ಲಿ ಇರುವ ಬಲ 165ರಲ್ಲಿ ಅರ್ಧವೇ. ಅರ್ಧ ಬಲದಲ್ಲಿ ಕಂಪ್ರೆಸರ್ ಗುಂಯ್‌ಗುಟ್ಟದೆ ಇನ್ನೇನು ಮಾಡೀತು? ನಿಮ್ಮ ಲೈಟು ಮಂಕಾಗುವುದು, ಕಂಪ್ರೆಸರ್ ಒದ್ದಾಡುವುದು, ಎಂಸಿಬಿ ಬೀಳುವುದು, ಪ್ಲಗ್ ಬಿಸಿಯಾಗುವುದು, ನಾಲ್ಕಕ್ಕೂ ಬೇರು ಒಂದೇ ಇರಬಹುದು ಎಂದು ನಾನು ಅಂದುಕೊಂಡಿರುವುದು ಇದಕ್ಕೇ. ಮಾಮೂಲಿ ಮಲ್ಟಿಮೀಟರ್ ಆ ಒಂದು ಕ್ಷಣದ ಇಳಿತವನ್ನು ಹಿಡಿಯುವುದಿಲ್ಲ. ಕನಿಷ್ಠ–ಗರಿಷ್ಠ ನೆನಪಿಡುವ ಮೀಟರ್ ಇದ್ದರೆ ಸ್ವಲ್ಪಮಟ್ಟಿಗೆ ಸಿಗುತ್ತದೆ. ಅದಿಲ್ಲದಿದ್ದರೂ ಚಿಂತೆಯಿಲ್ಲ, ಓಡುವಾಗಿನ ಅಳತೆಯೇ ಸಾಕು.

ತಪ್ಪು ವೈರಿಂಗ್‌ನದೋ ಎಸಿಯದೋ ಎಂಬ ಅನುಮಾನ ಉಳಿದರೆ ಇನ್ನೊಂದು ಪರೀಕ್ಷೆ ಇದೆ. ನನಗೆ ತುಂಬ ಇಷ್ಟವಾದದ್ದು. ಎಸಿಯ ಪ್ಲಗ್ ತೆಗೆದು, ಅದೇ ಸಾಕೆಟ್‌ಗೆ 2000 ವ್ಯಾಟಿನ ಹೀಟರ್ ಸಿಕ್ಕಿಸಿ. ಅದು 8–9 ಆಂಪಿಯರ್ ಎಳೆಯುತ್ತದೆ, ಎಸಿಯಷ್ಟೇ. ಆದರೆ ಅದರಲ್ಲಿ ಕಂಪ್ರೆಸರ್ ಇಲ್ಲ, ಕಂಪ್ರೆಸರ್ ಶುರುವಾಗಲು ಒತ್ತಾಸೆ ಕೊಡುವ ಕೆಪಾಸಿಟರ್ ಇಲ್ಲ. ಪಕ್ಕದಲ್ಲೇ ನಿಂತು 15 ನಿಮಿಷ ಓಡಿಸಿ. ಆಗಲೂ ವೋಲ್ಟೇಜ್ 12 ಇಳಿದರೆ, ಸಾಕೆಟ್ ಬಿಸಿಯಾದರೆ, ಎಸಿಗೆ ಮೆಕ್ಯಾನಿಕ್ ಕರೆಸುವುದು ದಂಡ. ಹೀಟರ್ ಆರಾಮಾಗಿ ಓಡಿ, ಎಸಿ ಹಾಕಿದಾಗ ಮಾತ್ರ ತಕರಾರು ಬಂದರೆ ಎಸಿಯನ್ನು ನೋಡಿಸಿ. ಅಂಥ ಕಡೆ ಹೆಚ್ಚಾಗಿ ಸಿಗುವುದು ಬಲ ಕಳೆದುಕೊಂಡ ಕೆಪಾಸಿಟರ್. ಅದನ್ನು ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಜೋರಾಗಿ ಹೊಡೆಯುತ್ತದೆ.

ಜಾಯಿಂಟು ಎಲ್ಲಿ ಹುಡುಕಬೇಕು? ಮೊದಲು ಪ್ಲಗ್ಗು, ಸಾಕೆಟ್ಟು. ಸಾಕೆಟ್ ಒಳಗಿನ ಹಿತ್ತಾಳೆಯ ಹಿಡಿಗಳು ವರ್ಷಗಟ್ಟಲೆ ಬಳಸಿದ ಮೇಲೆ ಬಿಗಿ ಕಳೆದುಕೊಳ್ಳುತ್ತವೆ. ಪ್ಲಗ್ ಹಾಕುವಾಗ ಸಲೀಸಾಗಿ ಒಳಹೋದರೆ, ಅಲುಗಾಡಿದರೆ, ಪಿನ್ನಿನ ಹೊಳಪು ಹೋಗಿ ಕಪ್ಪಾಗಿದ್ದರೆ ಅಲ್ಲೇ ತಕರಾರು. ಕೆಲವು ಪ್ಲಾಸ್ಟಿಕ್ ಕಾದಾಗ ಮೀನಿನ ವಾಸನೆಯಂಥ ಒಂದು ಕೆಟ್ಟ ವಾಸನೆ ಬರುತ್ತದೆ. ಆ ವಾಸನೆ ಬಂದ ದಿನ ಮಾಡುತ್ತಿರುವ ಕೆಲಸ ಬಿಟ್ಟು ಎಂಸಿಬಿ ಇಳಿಸಿ. ಸಾಕೆಟ್ ಒಂದನ್ನೇ ಬದಲಾಯಿಸಿ ಹಳೆಯ ಸುಟ್ಟ ಪ್ಲಗ್ ಹಾಕಿದರೆ, ಆ ಕಪ್ಪಾದ ಪಿನ್ನು ಹೊಸ ಸಾಕೆಟ್ಟನ್ನೂ ಕೆಡಿಸುತ್ತದೆ. ಎರಡನ್ನೂ ಒಟ್ಟಿಗೇ ಬದಲಾಯಿಸಿ. ಪ್ಲಗ್ ಒಳಗಿನ ಸ್ಕ್ರೂ ಕೆಳಗೆ ತಾಮ್ರದ ಎಳೆಗಳ ಬದಲು ಅದರ ಪ್ಲಾಸ್ಟಿಕ್ ಸಿಕ್ಕಿಕೊಂಡಿರುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಹೊರಗಿನಿಂದ ಬಿಗಿಯಾಗಿಯೇ ಕಾಣುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ಎಸಿ ಓಡಿಸುವುದು ಒಂದು ದಿನಕ್ಕೂ ಬೇಡ.

ಆಮೇಲೆ ಎಂಸಿಬಿಯ ಎರಡೂ ತುದಿ, ನ್ಯೂಟ್ರಲ್ ಪಟ್ಟಿ, ಬೋರ್ಡಿನ ಸ್ವಿಚ್ಚು, ಕೊನೆಗೆ ದಾರಿಯಲ್ಲಿರುವ ಜಂಕ್ಷನ್ ಬಾಕ್ಸುಗಳು. ಒಂದು ಮನೆಯ ವಿಷಯ ಹೇಳಬೇಕು. ಅಲ್ಲಿ ಎಸಿಯ ಕೆಪಾಸಿಟರ್ ಎರಡು ಸಲ ಬದಲಾಯಿಸಿದ್ದರು, ಸ್ಟೆಬಿಲೈಸರೂ ತಂದಿದ್ದರು. ಎಸಿ ಓಡುವಾಗ ಮುಖ್ಯ ಬೋರ್ಡಿನಲ್ಲಿ 222 ಇತ್ತು, ಸಾಕೆಟ್‌ನಲ್ಲಿ 201. ಸಾಕೆಟ್ ಹೊಸದು, ಎಂಸಿಬಿ ಹೊಸದು. ಹುಡುಕಿ ಹುಡುಕಿ ಕೊನೆಗೆ ಬಾಗಿಲ ಮೇಲೆ, ಬಣ್ಣದ ಕೆಳಗೆ ಮುಚ್ಚಿಹೋಗಿದ್ದ ಒಂದು ಜಂಕ್ಷನ್ ಬಾಕ್ಸ್ ಸಿಕ್ಕಿತು. ಮೂರು ವೈರನ್ನು ಕೈಯಲ್ಲೇ ಹೊಸೆದು ಟೇಪ್ ಸುತ್ತಿದ್ದರು. ಟೇಪ್ ಕರಗಿ ಅಂಟಾಗಿತ್ತು, ಒಳಗಿನ ತಾಮ್ರ ಕಪ್ಪಗೆ ಪುಡಿಪುಡಿ. ಅದು ನ್ಯೂಟ್ರಲ್ ಜಾಯಿಂಟು. ಅಲ್ಲಿಯವರೆಗೆ ಬಂದವರೆಲ್ಲ ಟೆಸ್ಟರ್ ಹಿಡಿದು ಫೇಸ್ ಮಾತ್ರ ನೋಡಿ ಹೋಗಿದ್ದರು. ಕತ್ತರಿಸಿ, ಹೊಸದಾಗಿ ಸುಲಿದು, ಸ್ಕ್ರೂ ಇರುವ ಕನೆಕ್ಟರ್ ಹಾಕಿದ ಮೇಲೆ ಅದೇ ಸಾಕೆಟ್ 217 ತೋರಿಸಿತು. ಅದೇ ಗೋಡೆಗೆ ಮಕ್ಕಳ ಮಂಚ ಒರಗಿಸಿದ್ದರು. ಅದನ್ನು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿ.

ಅದಕ್ಕೇ ಹೇಳುವುದು, ಟೆಸ್ಟರ್ ಉರಿಯಿತು ಅಂದರೆ ಎಲ್ಲ ಸರಿ ಅಂತಲ್ಲ. ಅದರ ಪುಟ್ಟ ದೀಪಕ್ಕೆ ಬೇಕಾದ ಕರೆಂಟು ಒಂದು ಮಿಲಿಆಂಪಿಯರಿಗಿಂತಲೂ ಕಡಿಮೆ. ಒಂದೇ ಒಂದು ಎಳೆ ತಾಗಿಕೊಂಡಿದ್ದರೂ ಅದು ಉರಿಯುತ್ತದೆ. ನ್ಯೂಟ್ರಲ್ ಬಗ್ಗೆಯಂತೂ ಅದು ಏನನ್ನೂ ಹೇಳುವುದಿಲ್ಲ. ನ್ಯೂಟ್ರಲ್ ಪರೀಕ್ಷೆಗೆ ಬೇರೆ ಉಪಾಯವಿದೆ. ಮನೆಯ ಅರ್ಥಿಂಗ್ ಚೆನ್ನಾಗಿದ್ದರೆ, ಎಸಿ ಓಡುತ್ತಿರುವಾಗ ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ವೋಲ್ಟ್ ನೋಡಿ, ಮುಖ್ಯ ಬೋರ್ಡಿನಲ್ಲಿ ಅದೇ ಅಳತೆ ತೆಗೆದು ಹೋಲಿಸಿ. ಒಂದೆರಡು ವೋಲ್ಟ್ ಹೆಚ್ಚಿದ್ದರೆ ಅದು ವೈರಿನ ಪಾಲು, ತಪ್ಪೇನಿಲ್ಲ. ಎಂಟು ಹತ್ತು ಹೆಚ್ಚಿದ್ದರೆ ನಿಮ್ಮ ತಕರಾರು ನ್ಯೂಟ್ರಲ್ ಕಡೆ ಇದೆ. ಅರ್ಧ ಹುಡುಕಾಟ ಮುಗಿಯಿತು, ಅಲ್ವಾ?

ಲೈಟಿನ ವಿಷಯಕ್ಕೆ ಬರೋಣ. ಕಂಪ್ರೆಸರ್ ಶುರುವಾಗುವಾಗ ಆ ಕೋಣೆಯ ಲೈಟು ಮಾತ್ರ ಮಂಕಾಗುತ್ತದೋ, ಇಡೀ ಮನೆಯದೋ ನೋಡಿ. ಆ ಕೋಣೆಯದು ಮಾತ್ರ ಆದರೆ ತಕರಾರು ಆ ಲೈನಿನೊಳಗೇ ಇದೆ. ಇಡೀ ಮನೆಯದು ಆದರೆ ಮುಖ್ಯ ಬೋರ್ಡಿನಿಂದ ಹಿಂದಕ್ಕೆ, ಅಂದರೆ ಮೇನ್ ಸ್ವಿಚ್, ಮೀಟರ್, ಕಂಬದಿಂದ ಬರುವ ವೈರಿನ ಕಡೆ ನೋಡಬೇಕು. ಮೀಟರಿನ ಸೀಲ್ ಇರುವ ಕಡೆ ಕೈ ಹಾಕಲು ವಿದ್ಯುತ್ ಕಂಪನಿಯವರೇ ಬರಬೇಕು. ಕ್ಷಣಮಾತ್ರ ಸ್ವಲ್ಪ ಮಂಕಾದರೆ ಅದು ದೋಷವಲ್ಲ. ಆ 40 ಆಂಪಿಯರಿಗೆ ಒಳ್ಳೆಯ ವೈರಿಂಗ್ ಕೂಡ ಒಂದಿಷ್ಟು ತಲೆಬಾಗುತ್ತದೆ.

ಆದರೆ ಎಸಿ ಶುರುವಾದಾಗ ಯಾವುದಾದರೂ ಲೈಟು ಇನ್ನೂ ಜೋರಾಗಿ ಉರಿಯಿತೋ, ಆ ಕ್ಷಣವೇ ಮೇನ್ ಇಳಿಸಿ. ಒಂದು ಕಡೆ ಮಂಕು, ಇನ್ನೊಂದು ಕಡೆ ಜೋರು ಅಂದರೆ ಮೂರು ಫೇಸ್ ಇರುವ ಸರಬರಾಜಿನಲ್ಲಿ ನ್ಯೂಟ್ರಲ್ ಬಿಟ್ಟುಹೋಗುತ್ತಿದೆ ಎಂದು ಅರ್ಥ. ಅದು ಪೂರ್ತಿ ಬಿಟ್ಟರೆ 230 ಇರಬೇಕಾದ ಕಡೆ 300 ದಾಟಬಹುದು. ಟಿವಿ, ಫ್ರಿಜ್, ಚಾರ್ಜರ್ ಎಲ್ಲ ಒಟ್ಟಿಗೆ ಸುಡುತ್ತವೆ. ಇದಕ್ಕೆ ನಾಳೆ ನೋಡೋಣ ಎನ್ನುವಂತಿಲ್ಲ.

ಸ್ಟೆಬಿಲೈಸರ್ ಬೇಕೇ? ಎಸಿ ಆಫ್ ಇದ್ದಾಗಲೇ ಮುಖ್ಯ ಬೋರ್ಡಿನಲ್ಲಿ 180–190 ಇದ್ದರೆ ಬೇಕು. ಆಗ ಕೊರತೆ ಹೊರಗಿನಿಂದಲೇ ಬರುತ್ತಿದೆ. ನಿಮ್ಮ ಸಾಕೆಟ್‌ನಲ್ಲೇ 225 ಇದೆ, ಹಾಗಾಗಿ ಹೊರಗಿನ ಸರಬರಾಜು ಸದ್ಯಕ್ಕೆ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಸಂಜೆ ಎಲ್ಲರ ಮನೆಯಲ್ಲೂ ಲೋಡ್ ಏರುವ ಹೊತ್ತಿನಲ್ಲಿ ಇನ್ನೊಮ್ಮೆ ನೋಡಿ. ವೈರಿಂಗ್ ದೋಷವಿದ್ದಾಗ ಸ್ಟೆಬಿಲೈಸರ್ ಹಾಕಿದರೆ ಕೇಡೇ ಜಾಸ್ತಿ. ಅದು ವೋಲ್ಟೇಜನ್ನು ಹುಟ್ಟಿಸುವುದಿಲ್ಲ. ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಕರೆಂಟ್ ಎಳೆದು, ಹೆಚ್ಚು ವೋಲ್ಟೇಜಿನಲ್ಲಿ ಕಡಿಮೆ ಕರೆಂಟ್ ಕೊಡುತ್ತದೆ. 180ನ್ನು 230 ಮಾಡಿ 8 ಆಂಪಿಯರ್ ಕೊಡಬೇಕಾದರೆ ಗೋಡೆಯಿಂದ ಅದು 10ಕ್ಕೂ ಹೆಚ್ಚು ಎಳೆಯಬೇಕು. ಜಾಯಿಂಟಿನ ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆ. ಎಸಿ ಚೆನ್ನಾಗಿ ಓಡುತ್ತಿದೆ ಎಂದು ನೀವು ನೆಮ್ಮದಿಯಾಗಿರುತ್ತೀರಿ, ಗೋಡೆಯೊಳಗೆ ಮೊದಲಿಗಿಂತ ಜೋರಾಗಿ ಕಾಯುತ್ತಿರುತ್ತದೆ.

ಕರೆಂಟ್ ಹೋಗಿ ಬಂದ ಕೂಡಲೇ ಎಂಸಿಬಿ ಬೀಳುತ್ತಿದ್ದರೆ ಅದು ಬೇರೆ ಲೆಕ್ಕ. ನಿಂತ ಕಂಪ್ರೆಸರ್ ಒಳಗಿನ ಗ್ಯಾಸಿನ ಒತ್ತಡ ಇಳಿಯಲು ಮೂರು ನಿಮಿಷ ಬೇಕು. ಅದಕ್ಕೂ ಮುಂಚೆ ಶುರುಮಾಡಿದರೆ ಅದು ತಿರುಗುವುದಿಲ್ಲ. ಮೂರು ನಿಮಿಷ ಬಿಟ್ಟು ಹಾಕಿ, ಅಷ್ಟೇ.

ಎಂಸಿಬಿ ಪಕ್ಕದಲ್ಲಿ ಪರೀಕ್ಷಾ ಗುಂಡಿ ಇರುವ ಆರ್‌ಸಿಸಿಬಿ ಇದ್ದು, ಬೀಳುತ್ತಿರುವುದು ಅದೇ ಆಗಿದ್ದರೆ ಈವರೆಗೆ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ. ಅದು ಲೋಡಿಗೆ ಬೀಳುವುದಿಲ್ಲ, ಕರೆಂಟ್ ಸೋರಿದರೆ ಬೀಳುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವುದನ್ನು ಹಾಕಿರುತ್ತಾರೆ. ಎಸಿಯೊಳಗೆ ನೀರು ಹೊಕ್ಕಿದೆಯೇ, ಇಲಿ ವೈರ್ ಕಡಿದಿದೆಯೇ, ಎರಡು ಲೈನಿನ ನ್ಯೂಟ್ರಲ್ ಬೆರೆತಿದೆಯೇ ಎಂದು ನೋಡಬೇಕು. ಅದನ್ನು ಕಿತ್ತು ನೇರ ಮಾಡಿಕೊಡುತ್ತೇನೆ ಎನ್ನುವವರನ್ನು ಬಾಗಿಲಿಂದಲೇ ಕಳಿಸಿಬಿಡಿ. ಎಸಿಯ ಮೈ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ ಅರ್ಥಿಂಗ್ ತಲುಪುತ್ತಿಲ್ಲ. ಸರಿಪಡಿಸುವವರೆಗೆ ಎಸಿ ಬೇಡ.

ನಾನು ನಿಮ್ಮ ಜಾಗದಲ್ಲಿದ್ದರೆ ಮಾಡಿಸುವ ಕೆಲಸ ಇದು. ಮುಖ್ಯ ಬೋರ್ಡಿನಿಂದ ಎಸಿಗೆ ಪ್ರತ್ಯೇಕ ಲೈನು. ಫೇಸ್, ನ್ಯೂಟ್ರಲ್ ಎರಡೂ 4 ಸ್ಕ್ವೇರ್ ಎಂಎಂ ತಾಮ್ರ, ಜೊತೆಗೆ ಅರ್ಥ್ ವೈರ್. ನಡುವೆ ಒಂದೂ ಜಾಯಿಂಟು ಇರಬಾರದು. ಹಳೆಯ ಪೈಪಿನಲ್ಲಿ ಜಾಗವಿಲ್ಲದಿದ್ದರೆ ಗೋಡೆಯ ಮೇಲೆ ಕೇಸಿಂಗ್ ಪಟ್ಟಿಯಲ್ಲಿ ಎಳೆಸಿ, ಚೆಂದಕ್ಕಿಂತ ಅದು ಮುಖ್ಯ. 20 ಮೀಟರ್ ದೂರಕ್ಕೆ 2.5 ಕೂಡ ಲೆಕ್ಕದಲ್ಲಿ ಸಾಕು. ಆದರೆ ಒಮ್ಮೆ ಎಳೆದ ವೈರನ್ನು ಮತ್ತೆ ಇಪ್ಪತ್ತು ವರ್ಷ ಯಾರೂ ಮುಟ್ಟುವುದಿಲ್ಲ, ಅದಕ್ಕೆ 4 ಎನ್ನುತ್ತೇನೆ. ಎಂಸಿಬಿ ಸಿ ಮಾದರಿಯ 16, ಎಸಿಯ ಕೈಪಿಡಿ 20 ಹೇಳಿದರೆ 20. ಆದರೆ 20ರ ಎಂಸಿಬಿ ಮುಂದೆ 16ರ ಸಾಕೆಟ್ ಹಾಕಿದರೆ ಅದರಲ್ಲಿ ಎಸಿ ಬಿಟ್ಟು ಬೇರೇನನ್ನೂ ಸಿಕ್ಕಿಸಬೇಡಿ. ಹಳೆಯ ಮನೆಯಲ್ಲಿ ಅಲ್ಯೂಮಿನಿಯಂ ವೈರ್ ಕಂಡರೆ ಅದಕ್ಕೆ ತಾಮ್ರವನ್ನು ನೇರವಾಗಿ ಹೊಸೆಯಲು ಬಿಡಬೇಡಿ. ಎರಡು ಲೋಹ ಸೇರಿದ ಕಡೆ ತುಕ್ಕಿನಂಥ ಪದರ ಕಟ್ಟಿ ಸಡಿಲವಾಗುತ್ತದೆ.

ಕೆಲಸ ಮುಗಿದ ದಿನವೇ ಎಸಿ ಅರ್ಧ ಗಂಟೆ ಓಡಿಸಿ, ಮುಖ್ಯ ಬೋರ್ಡಿನಲ್ಲೂ ಸಾಕೆಟ್‌ನಲ್ಲೂ ಮತ್ತೆ ಅಳೆಸಿ. ವ್ಯತ್ಯಾಸ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಪ್ಲಗ್ ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿ ಇರಬಾರದು. ಆ ಎರಡು ಅಂಕಿಯನ್ನೂ ದಿನಾಂಕ ಸಮೇತ ಒಂದು ಚೀಟಿಯಲ್ಲಿ ಬರೆದು ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಮುಂದಿನ ಬೇಸಿಗೆಯಲ್ಲಿ ಎಸಿ ಮೊದಲ ಸಲ ಹಾಕುವ ದಿನ ಅದೇ ಅಳತೆ ಮತ್ತೆ ತೆಗೆಸಿ. ವ್ಯತ್ಯಾಸ ಹೆಚ್ಚಿದ್ದರೆ ಯಾವುದೋ ಸ್ಕ್ರೂ ಸಡಿಲವಾಗಿದೆ. ಆಗ ಎಲೆಕ್ಟ್ರಿಷಿಯನ್‌ಗೆ ಆ ಚೀಟಿ ತೋರಿಸಿ, ಅವರಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತದೆ.